ಬೇವಿನ ಕಟ್ಟೆ ಒಡೆದ ದಿನ

ನಮ್ಮ ಓಣಿಯ ಬೇವಿನ ಮರಕ್ಕೆ ಪುರಸಭೆಯವರು ನೋಟಿಸು ಅಂಟಿಸಿದಾಗ ನಾನು ಕಾಲೇಜಿನಿಂದ ಮನೆಗೆ ಬರುತ್ತಿದ್ದೆ ಎಂದು ಬಹಳ ದಿನ ನಂಬಿದ್ದೆ. ಹೆಗಲಿಗೆ ಚೀಲ, ಕೈಯಲ್ಲಿ ಉತ್ತರ ಪತ್ರಿಕೆಗಳ ಕಟ್ಟು, ಕಾಂಡದ ಮೇಲೆ ಇನ್ನೂ ಒಣಗದ ಗೋಂದು, ಎಲ್ಲವೂ ಕಣ್ಣ ಮುಂದಿದೆ. ಎದುರು ಮನೆಯ ಗಾದಿ ಚಾಚಾ ಮಾತ್ರ ಇದನ್ನು ಒಪ್ಪುವುದಿಲ್ಲ.

‘ಅವತ್ತ ಸಂಕ್ರಾಂತಿ ಮರುದಿನ ಅಲ್ಲೇನ್ರಿ ಅಕ್ಕೋರ. ನಿಮಗ ಸೂಟಿ ಇತ್ತು. ನೀವು ಕಟ್ಟಿ ಮ್ಯಾಲ ಕುಂತು ಮಾದಲಿ ತಿನ್ನಾಕತ್ತಿದ್ರಿ. ನೋಟಿಸ್ ಹಚ್ಚಾಕ ಬಂದಾಂವಗ ಸರದು ಜಾಗಾ ಮಾಡಿಕೊಟ್ಟವರೂ ನೀವ’ ಎನ್ನುತ್ತಾರೆ.

ಡೈರಿ ತೆಗೆದು ನೋಡಿದೆ. ಆ ವಾರದ ಪುಟಗಳಲ್ಲಿ ಹಲ್ಲುನೋವು ಇದೆ, ಪ್ರಾಚಾರ್ಯರ ಸಿಟ್ಟು ಇದೆ, ಹೊಸ ಮಿಕ್ಸರಿನ ಸದ್ದು ಇದೆ. ಮರದ ಸುದ್ದಿಯೇ ಇಲ್ಲ.

ಪಾಠ ಹೇಳುವವಳಾದ್ದರಿಂದ ಓಣಿಗೆಲ್ಲ ನಾನು ಅಕ್ಕೋರು. ನನ್ನ ವಿಷಯ ಇತಿಹಾಸ. ಕಣ್ಣಾರೆ ಕಂಡವರ ಮಾತನ್ನೂ ತೂಗಿ ನೋಡಬೇಕೆಂದು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತೇನೆ. ಹಾಗಾಗಿ ಇಲ್ಲಿ ಬರೆಯುವಾಗ, ಚಾಚಾ ಒಪ್ಪಿದ್ದು ಯಾವುದು, ಓಣಿಯ ಹಿರಿಯಳು ಚಿಗವ್ವ ಒಪ್ಪಿದ್ದು ಯಾವುದು, ನಾನೊಬ್ಬಳೇ ನೆನೆಯುವುದು ಯಾವುದು ಎಂದು ಬೇರೆ ಮಾಡಲು ನೋಡಿದ್ದೇನೆ. ಮರ ಉಳಿಯುತ್ತದೋ ಉರುಳುತ್ತದೋ ಎಂದು ಸಂಕ್ರಾಂತಿಯಿಂದ ಯುಗಾದಿಯವರೆಗೆ ಎದೆ ಹೊಡೆದುಕೊಂಡದ್ದರ ಬಗ್ಗೆ ಮಾತ್ರ ಮೂವರದೂ ಒಂದೇ ಮಾತು.

ರೋಣ, ನರಗುಂದ, ಗಜೇಂದ್ರಗಡ, ಈ ಮೂರು ಊರುಗಳಲ್ಲಿ ನಮ್ಮದು ಒಂದು. ಯಾವುದೆಂದು ಹೇಳುವುದಿಲ್ಲ. ಮೂರೂ ಕಡೆಯವರು ಇದು ತಮ್ಮ ಓಣಿಯ ಸುದ್ದಿ ಎಂದುಕೊಂಡರೂ ನನ್ನ ಅಭ್ಯಂತರವಿಲ್ಲ. ಎಲ್ಲ ಊರಿನಂತೆ ನಮ್ಮಲ್ಲೂ ಪುರಸಭೆಯವರು ಪರಿಸರ ದಿನಕ್ಕೆ ಸಸಿ ನೆಡುತ್ತಾರೆ, ಸುತ್ತ ಕಬ್ಬಿಣದ ಜಾಳಿಗೆ ಹಾಕುತ್ತಾರೆ, ಬೇಸಿಗೆಯಲ್ಲಿ ಟ್ಯಾಂಕರಿನಿಂದ ನೀರು ಬಿಡುತ್ತಾರೆ. ಮಳೆಗಾಲಕ್ಕೆ ಮುಂಚೆ ಕರೆಂಟಿನವರು ಬಂದು ತಂತಿಯ ಕಡೆಯ ಟೊಂಗೆಗಳನ್ನಷ್ಟೇ ಕಡಿದು ಹೋಗುವುದರಿಂದ ದಾರಿಬದಿಯ ಮರಗಳೆಲ್ಲ ಒಂದೇ ಕಡೆಗೆ ತಲೆ ಬಾಚಿಕೊಂಡಂತೆ ಕಾಣುತ್ತವೆ.

ನಮ್ಮ ಬೇವಿಗೆ ಆ ಬಾಚಣಿಗೆ ತಾಗಿರಲಿಲ್ಲ. ಓಣಿ ತುಸು ಅಗಲವಾಗುವ ತಿರುವಿನಲ್ಲಿ, ತಂತಿಯಿಂದ ದೂರದಲ್ಲಿ ಅದು ತನಗೆ ಬೇಕಾದಂತೆ ಬೆಳೆದಿತ್ತು. ಮಧ್ಯಾಹ್ನದ ಊಟ ಮುಗಿದ ಮೇಲೆ ಅದರ ಕೆಳಗೆ ಕೌದಿ ಹೊಲಿಯುವ ಹೆಂಗಸರು ಕೂಡುತ್ತಾರೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನ ಕಡೆಗೆ ಸಾಲು ಹಿಡಿದು ಹೊಲಿಯುವ ಕೆಲಸ. ಪದರಗಳನ್ನು ಸುಕ್ಕಿಲ್ಲದೆ ಹಾಸಿ, ನಾಲ್ಕೂ ಕಡೆ ಜನ ಕೂರುವಷ್ಟು ಜಾಗ ನಮ್ಮ ಮನೆಗಳೊಳಗೆ ಇಲ್ಲ. ಪಡಸಾಲೆಗೆ ಬೈಕು ಬಂದು ನಿಂತಿದೆ, ನಡುಮನೆಗೆ ಫ್ರಿಜ್ಜು. ಆ ನೆರಳಿದ್ದರೆ ಕೌದಿಯ ಕೂಟ ಉಂಟು, ಇಲ್ಲದಿದ್ದರೆ ಇಲ್ಲ.

ಆ ಕೂಟದ ಯಜಮಾನಿ ಚಿಗವ್ವ. ನನಗೆ ರಕ್ತಸಂಬಂಧಿಯಲ್ಲ, ಓಣಿಗೆಲ್ಲ ಚಿಗವ್ವ. ಮುಶಿಗೇರಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಕಣ್ಣು ತಪ್ಪಿಸಿ ಕೂರಲು ಸಿಕ್ಕ ಮೊದಲ ಜಾಗ ಈ ನೆರಳು ಎನ್ನುತ್ತಾಳೆ. ಗಂಡ ತೀರಿಕೊಂಡ ಮೇಲೆ ಒಂದು ಬೇಸಿಗೆಯಿಡೀ ಯಾರೊಡನೆಯೂ ಮಾತಾಡದಿದ್ದವಳು ಮತ್ತೆ ಬಾಯಿ ಬಿಟ್ಟದ್ದೂ ಇಲ್ಲೇ, ಉದ್ದುದ್ದ ಹೊಲಿಗೆ ಹಾಕಿದ ಯಾರನ್ನೋ ಬೈಯಲಿಕ್ಕೆ. ಮನೆಯಲ್ಲಿ ಅವಳೊಬ್ಬಳೇ. ಊಟ ಮಾಡಿ ಕೈ ತೊಳೆದವಳು ಸೀದಾ ಮರದ ಕೆಳಗೆ ಬಂದರೆ ಸಂಜೆ ದೀಪ ಹಚ್ಚುವ ಹೊತ್ತಿಗೇ ಒಳಗೆ ಹೋಗುವುದು.

ಮರದ ಇನ್ನೊಂದು ಮಗ್ಗುಲು ಗಾದಿ ಚಾಚಾ ಅವರದು. ಹತ್ತಿ ಹಿಂಜಿ ಗಾದಿ ತುಂಬುವುದು ಅವರ ಮನೆತನದ ಕೆಲಸ. ಕೌದಿಯವರಿಗೂ ಗಾದಿಯವರಿಗೂ ದಿನಾ ಒಂದು ಸುತ್ತು ಆಗಲೇಬೇಕು.

‘ಕೌದಿ ಹೊಚ್ಕೊಂಡವಂಗ ನಿದ್ದಿ ಬರತೈತೇನ್ ಚಿಗವ್ವಾ? ಮೈತುಂಬ ಹೊಲಿಗಿ ಒತ್ತತಾವ.’

‘ನಿನ್ನ ಗಾದಿ ಮ್ಯಾಲ ಮಲಗಿದವರು ಮುಂಜಾನೆ ತಾವಾ ಎದ್ದಾರೇನ ಕೇಳು ಚಾಚಾ. ನಡಕ ತಗ್ಗ ಬಿದ್ದು, ನಾಕ್ ಮಂದಿ ಬಂದು ಎತ್ತಬೇಕು.’

ಕಟ್ಟೆ ಬೇಕೆಂದು ಕೇಳಿದವಳು ಚಿಗವ್ವ. ನಮ್ಮ ಕಡೆ ಮರಕ್ಕೆ ಮರ್ಯಾದೆ ಕೊಡುವುದೆಂದರೆ ಅದಕ್ಕೆ ಕಟ್ಟೆ ಕಟ್ಟಿಸುವುದು. ಕಟ್ಟೆಯಿಲ್ಲದ ಮರ ಎಂದರೆ ಕೇಳುವವರಿಲ್ಲದ ಮರ. ಬೇರೆ ಓಣಿಗಳಲ್ಲಿ ಆಲಕ್ಕೂ ಅರಳಿಗೂ ಟೈಲ್ಸ್ ಹಾಕಿದ ಕಟ್ಟೆಗಳಾಗಿರುವಾಗ ನಮ್ಮ ಬೇವು ಬರಿಗಾಲಲ್ಲಿ ನಿಂತಿದೆ ಎಂಬುದು ಅವಳ ಕೊರಗು. ನಮ್ಮ ವಾರ್ಡಿನ ಮೆಂಬರ್ ಅದೇ ಓಣಿಯವರು. ಪುರಸಭೆಗೆ ಆರಿಸಿ ಬಂದ ಮೇಲೂ ಚಿಗವ್ವನ ಎದುರು ಅವರು ‘ತಮ್ಮ’ನೇ. ಬೆನ್ನು ಹತ್ತಿ ಹತ್ತಿ ಅವರಿಂದ ಮಂಜೂರು ಮಾಡಿಸಿದಳು.

ಮೊಣಕಾಲಿಗಿಂತ ಎತ್ತರಕ್ಕೆ ದುಂಡಗೆ ಗೋಡೆ ಎದ್ದಿತು. ಒಳಗೆ ತುಂಬಲು ಗುತ್ತಿಗೆದಾರ ಗರಸು ತಂದಾಗ ಚಿಗವ್ವ ಅಡ್ಡ ನಿಂತಳು. ‘ಗಿಡಕ್ಕ ಕಲ್ಲ ತಿನಸ್ತೀರೇನು?’ ಎಂದು ಬೈದು, ಮುಶಿಗೇರಿಯ ಅಣ್ಣನ ಹೊಲದಿಂದ ಒಂದು ಟ್ರಾಲಿ ಎರಿ ಮಣ್ಣು ತರಿಸಿದಳು. ನಮ್ಮ ಕಡೆಯ ಆ ಕರಿ ಮಣ್ಣು ಒಮ್ಮೆ ನೀರು ಕುಡಿದರೆ ಬಿಡುವುದಿಲ್ಲ. ಜೋಳ, ಕಡಲೆ, ಕುಸುಬೆ ಎಲ್ಲ ಅದರ ತೇವದ ಮೇಲೇ ಬೆಳೆಯುತ್ತವೆ. ಅದಕ್ಕಿಂತ ಒಳ್ಳೆಯದನ್ನು ಒಂದು ಮರಕ್ಕೆ ಏನು ಕೊಡಲು ಸಾಧ್ಯ? ತವರಿನಿಂದ ಉಡಿ ತುಂಬಿಸಿಕೊಂಡು ಬಂದಂತೆ ಅವಳ ಮುಖ ಬೆಳಗುತ್ತಿತ್ತು. ಮಣ್ಣಿನ ಮೇಲೆ ಕಾಂಕ್ರೀಟು, ಕಾಂಕ್ರೀಟಿನ ಮೇಲೆ ಕಾಂಡಕ್ಕೆ ತಾಗುವಂತೆ ಬಿಳಿ ಟೈಲ್ಸ್, ಎದುರಿಗೆ ಮೆಂಬರರ ಹೆಸರು ಕೆತ್ತಿದ ಕರಿಕಲ್ಲು. ಉದ್ಘಾಟನೆಯ ದಿನ ಎಲ್ಲರಿಗೂ ಚುರುಮುರಿ, ಚಹಾ. ಆ ಹಾಸಿನ ಮೇಲೆ ಮೊದಲ ಕೌದಿ ಎಷ್ಟು ಸಪಾಟಾಗಿ ಹರಡಿತೆಂದರೆ ಚಾಚಾ ಕೂಡ ಬಂದು ಅಂಚು ಸವರಿ ನೋಡಿದರು.

ಇದಾದ ಮೇಲೆ ಎರಡು ಮಳೆಗಾಲ ಕಳೆದವು. ಎಲೆ ಯಾವಾಗ ಹಳದಿಯಾಗತೊಡಗಿತು ಎಂದು ಹೇಳಲಾರೆ. ದಿನವೂ ನೋಡುವುದನ್ನು ಯಾರೂ ನೋಡುವುದಿಲ್ಲ. ಮೊದಲು ತುದಿಯ ರೆಂಬೆಗಳು ಬೋಳಾದವು, ಆಮೇಲೆ ಇಡೀ ಒಂದು ಮಗ್ಗುಲು. ಒಂದು ಮಧ್ಯಾಹ್ನ ಕೌದಿಯ ಮೇಲೆ ಬಿಸಿಲಿನ ತುಂಡುಗಳು ಬಿದ್ದವು. ಹೆಂಗಸರು ಸರಿದು ಕುಳಿತರು. ಮತ್ತೆ ಬಿದ್ದವು, ಮತ್ತೆ ಸರಿದರು. ಒಂದು ದಿನ ಒಣ ಟೊಂಗೆಯೊಂದು ಮುರಿದು ಶಾಲೆಯ ಮಕ್ಕಳು ಹೋಗುವ ದಾರಿಗೇ ಬಿದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಅದರ ಬೆನ್ನಿಗೆ ಬಂದದ್ದು ನೋಟಿಸು: ಮರ ಒಣಗಿದ್ದು ಅಪಾಯಕಾರಿಯಾಗಿದೆ, ಅರಣ್ಯ ಇಲಾಖೆಯ ಅನುಮತಿ ಬಂದ ಕೂಡಲೇ ತೆರವುಗೊಳಿಸಲಾಗುವುದು.

ಚಿಗವ್ವ ನನ್ನಿಂದ ಅದನ್ನು ಗಟ್ಟಿಯಾಗಿ ಓದಿಸಿದಳು. ‘ತೆರವು’ ಎಂಬ ಮಾತು ಬಂದಾಗ, ‘ಅಂದ್ರ?’ ಎಂದಳು.

‘ಕಡಿತಾರ ಚಿಗವ್ವ.’

‘ಹಂಗಂತ ಬರೀಬೇಕಿಲ್ಲೋ, ನಾಚಿಗಿ ಬರತೈತೇನು?’

ಮೆಂಬರ್ ಸಮಾಧಾನ ಹೇಳಲು ಬಂದರು. ಇದೇ ಜಾಗದಲ್ಲಿ ಹೊಸ ಸಸಿ ಹಚ್ಚಿಸುವುದಾಗಿಯೂ ಜಾಳಿಗೆ ತಾವೇ ಕೊಡಿಸುವುದಾಗಿಯೂ ಹೇಳಿದರು.

‘ಅದು ನೆರಳ ಕೊಡೂದ್ರಾಗ ನಾ ಇರಾಂಗಿಲ್ಲ ತಮ್ಮಾ’ ಎಂದಳು ಚಿಗವ್ವ. ಅಷ್ಟೇ. ಅವಳು ಮಾತನ್ನು ಅಷ್ಟು ಚಿಕ್ಕದಾಗಿ ಮುಗಿಸಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಮರುದಿನ ಅರ್ಧ ಹೊಲಿದ ಕೌದಿಯನ್ನು ಸುತ್ತಿ ಅಟ್ಟಕ್ಕೆ ಹಾಕಿದಳು.

ಆ ವಾರದ ಕೊನೆಗೇ ಇರಬೇಕು, ಪರೀಕ್ಷೆಯ ಕೆಲಸದ ಸಭೆಯೊಂದಕ್ಕೆ ನನ್ನನ್ನು ಪಕ್ಕದ ತಾಲೂಕಿಗೆ ಕಳಿಸಿದರು. ಸಭೆ ನಡೆದ ಕಚೇರಿಯ ಅಂಗಳದಲ್ಲಿ ಬೇವಿನ ಸಾಲು ಇತ್ತು. ಎಲ್ಲಕ್ಕೂ ದುಂಡನೆಯ ಕಟ್ಟೆ, ಎಲ್ಲವೂ ಬಡಕಲು. ನಮ್ಮ ಮರದ ನೆಂಟರನ್ನು ಕಂಡಂತೆ ಬೇಸರದಿಂದ ನೋಡುತ್ತ ಹೋದವಳು ಗೇಟಿನ ಹತ್ತಿರ ನಿಂತೇಬಿಟ್ಟೆ. ಅಲ್ಲಿಯದೊಂದು ಮರ ಮಾತ್ರ ಬುಡದಿಂದ ತುದಿಯವರೆಗೆ ಹಸಿರು. ಕೆಳಗೆ ನೋಡಿದೆ. ಅದರ ಕಟ್ಟೆಯ ಅರ್ಧವೇ ಇರಲಿಲ್ಲ.

ಕಾವಲುಗಾರನನ್ನು ಕೇಳಿದೆ. ‘ಗೋವಿನಜೋಳದ ಟ್ರ್ಯಾಕ್ಟರ್ ಹಿಂದಕ್ಕ ಬಂದು ಗುದ್ದಿತ್ರಿ. ಮಣ್ಣೆಲ್ಲ ಮಳಿಗೆ ಹರಕೊಂಡು ಹೋತು. ಕಟ್ಟಿಸಬೇಕಂತಾರ, ನೋಡ್ಬೇಕು’ ಎಂದ.

ನಮ್ಮ ಬೇವನ್ನು ಒಣಗಿಸಿದ್ದೂ ಕಟ್ಟೆಯೇ ಇರಬಹುದೇ? ಸಭೆಯಲ್ಲಿ ಏನು ಮಾತಾಡಿದರೆಂದು ಇಂದಿಗೂ ಹೇಳಲಾರೆ. ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದೆ. ಕಿಟಕಿಯ ಹೊರಗೆ ಜಕ್ಕಲಿಯ ಹೊಲಗಳ ಬದುವಿನಲ್ಲಿ ನಿಂತ ಬೇವುಗಳೆಲ್ಲ ಕಟ್ಟೆಯಿಲ್ಲದೆ, ಕೇಳುವವರಿಲ್ಲದೆ, ದಟ್ಟವಾಗಿ ನಿಂತಿದ್ದವು. ಇಷ್ಟು ವರ್ಷ ಅವುಗಳ ಮುಂದೆ ಓಡಾಡಿದ್ದೇನೆ! ಬಸ್ಸಿನಲ್ಲೇ ನಮ್ಮ ಕಾಲೇಜಿನ ಸಸ್ಯಶಾಸ್ತ್ರದವರಿಗೆ ಫೋನು ಹಚ್ಚಿದೆ.

‘ಬೇರಿಗೂ ಗಾಳಿ ಬೇಕರೀ. ಕಾಂಡದ ತೊಗಟಿಗೆ ಹಸಿ ಮಣ್ಣ ಏರಿಸಿದ್ರ ಕೊಳಿತೈತಿ. ಆದ್ರ ಒಂದ್ ಗಿಡ ನೋಡಿ ಹಿಂಗ ಅಂತ ಹೇಳಾಕ ಬರಾಂಗಿಲ್ಲ. ಅದಕ್ಕ ನೀರು ಹೆಚ್ಚ ಸಿಕ್ಕಿರಬಹುದು’ ಎಂದರು.

ಗೇಟಿನ ಪಕ್ಕದಲ್ಲಿ ಒಂದು ನಳವಿತ್ತಲ್ಲವೇ? ಇತ್ತು ಎಂದು ತೋರಿತು. ಹಿತ್ತಾಳೆಯ ನಳ, ಕೆಳಗೆ ಪಾಚಿ. ಅಥವಾ ಅವರ ಮಾತು ಕೇಳಿದ ಮೇಲೆ ನನ್ನ ಮನಸ್ಸು ಅಲ್ಲಿ ನಳ ಕೂರಿಸಿತೋ? ಊರು ಬರುವವರೆಗೆ ಆ ನಳವನ್ನು ಹಾಕುತ್ತ ತೆಗೆಯುತ್ತ ಕುಳಿತೆ. ಆದರೂ ಕಾಲು ನಿಲ್ಲಲಿಲ್ಲ. ಬಸ್ ನಿಲ್ದಾಣದಿಂದ ಓಣಿಯವರೆಗೆ ಹೆಚ್ಚುಕಡಿಮೆ ಓಡಿದೆ.

ಚಿಗವ್ವ ಜೋಳ ಹಸನು ಮಾಡುತ್ತಿದ್ದಳು. ನಾನು ಏದುಸಿರಿನಲ್ಲಿ ಎಲ್ಲ ಹೇಳಿದೆ. ಮೊರ ಕೆಳಗಿಟ್ಟಳು.

‘ಅಂದ್ರ, ನನ್ನ ತವರಿನ ಮಣ್ಣ ಗಿಡಾ ಕೊಂತು ಅಂತೀಯೇನ?’

‘ಹಂಗಲ್ಲ ಚಿಗವ್ವ. ಇರಬಹುದು ಅಂತೀನಿ. ಖರೇ ಅಂತ ನನಗೂ ಗೊತ್ತಿಲ್ಲ.’

‘ಗೊತ್ತಿಲ್ಲದ್ದ ಹೇಳಾಕ ಇಷ್ಟ ಓಡಿ ಬಂದೀ?’

ಅವಳು ಸಿಟ್ಟಿನಿಂದಲೇ ಎದ್ದು ಮರದ ಹತ್ತಿರ ನಡೆದಳು. ಚಾಚಾ ಕೂಡ ಬಂದರು. ನನ್ನ ಮಾತು ಕೇಳಿ ತಲೆಯಾಡಿಸಿದರು. ಮರ ಕಟ್ಟೆಗೆ ಮುಂಚೆಯೇ ಸೊರಗಿತ್ತು ಎಂಬುದು ಅವರ ವಾದ.

‘ಕಟ್ಟಿ ಆಗೂಕಿಂತ ಮೊದಲ ಎಲಿ ಉದರತಿದ್ದೂ ಅಕ್ಕೋರ. ನನ್ನ ಹತ್ತ್ಯಾಗ ಹಳದಿ ಎಲಿ ಬೀಳತಿದ್ದೂ. ಆರಿಸಿ ಆರಿಸಿ ಸಾಕಾಗಿತ್ತು.’

‘ಅದು ಮಾಗಿ ಚಳ್ಯಾಗ ಎಲ್ಲಾ ಬೇವೂ ಉದುರಸ್ತಾವ’ ಎಂದಳು ಚಿಗವ್ವ.

‘ಮಾಗಿ ಅಲ್ಲ, ಮಳಿಗಾಲ.’

‘ಮಳಿಗಾಲದಾಗ ನೀ ಹತ್ತಿ ಹೊರಗ ಹಾಕ್ತಿದ್ದೇನು?’

ಇದು ಮುಖ್ಯ ಪ್ರಶ್ನೆ. ಕಟ್ಟೆಗೆ ಮುಂಚೆ ಸೊರಗಿದ್ದರೆ ನನ್ನ ಊಹೆ ಬಿತ್ತು. ಆದರೆ ಮೂವರಲ್ಲಿ ಯಾರನ್ನು ನಂಬುವುದು? ಚಾಚಾಗೆ ಕಟ್ಟೆ ಬೇಕು, ಹತ್ತಿ ಹರಡಲು ಅದು ಸ್ವಚ್ಛವಾದ ಜಾಗ. ನನಗೆ ನನ್ನ ಊಹೆ ಬೇಕು. ಚಿಗವ್ವನೊಬ್ಬಳು ತನಗೆ ಹಿತವಲ್ಲದ್ದನ್ನು ಸಾಧಿಸುತ್ತಿದ್ದಳು. ತನ್ನ ಮಣ್ಣಿನ ಮೇಲೆ ತಾನೇ ತಪ್ಪು ಹೊರಿಸುತ್ತಿದ್ದಳು. ತರಗತಿಯಲ್ಲಾದರೆ, ಅಂಥ ಸಾಕ್ಷಿಗೆ ಹೆಚ್ಚು ತೂಕ ಕೊಡಿ ಎನ್ನುತ್ತಿದ್ದೆ.

ಮಾರನೆಯ ದಿನ ಚಿಗವ್ವ ಇಳಕಲ್ ಸೀರೆ ಉಟ್ಟು ನನ್ನೊಡನೆ ಪುರಸಭೆಗೆ ಬಂದಳು. ಅಲ್ಲಿಯ ಪರಿಸರ ಇಂಜಿನಿಯರ್ ದಾವಣಗೆರೆ ಕಡೆಯ ಹುಡುಗಿ. ಕಸದ ಗಾಡಿಗಳ ಫೋನುಗಳ ನಡುವೆ ನಮ್ಮ ಮಾತು ಕೇಳಿದರು. ನಗಲಿಲ್ಲ, ಹೂಂ ಎನ್ನಲೂ ಇಲ್ಲ.

‘ಮರ ಪೂರ್ತಿ ಸತ್ತಿದ್ದರೆ ಕಟ್ಟೆ ಒಡೆದು ಏನೂ ಪ್ರಯೋಜನ ಇಲ್ಲ, ಮೇಡಂ. ಮೊದಲು ಜೀವ ಇದೆಯಾ ನೋಡೋಣ’ ಎಂದು ಸಂಜೆ ಬಂದರು.

ಅವರು ಪರೀಕ್ಷಿಸಿದ ಬಗೆ ಸರಳವಾಗಿತ್ತು. ಸ್ಕೂಟಿಯ ಕೀಲಿಯಿಂದ ತೊಗಟೆಯನ್ನು ತುಸು ಕೆರೆಯುವುದು. ಒಳಗೆ ಹಸಿರು ಕಂಡರೆ ಜೀವ, ಕಂದು ಕಂಡರೆ ಇಲ್ಲ. ಕೈಗೆ ನಿಲುಕುವ ಕಡೆಯೆಲ್ಲ ಕೆರೆದರು. ಕಂದು. ಇನ್ನೊಂದು ಕಡೆ, ಕಂದು. ಅಷ್ಟರಲ್ಲಿ ಓಣಿಯ ಅರ್ಧ ಜನ ಸೇರಿದ್ದರು. ಚಾಚಾ ಒಳಗಿನಿಂದ ನಿಚ್ಚಣಿಕೆ ತಂದರು. ಕಟ್ಟೆ ಒಡೆಯುವುದು ಬೇಡ ಎಂದವರು ನಿಚ್ಚಣಿಕೆ ತಂದದ್ದೇಕೆ ಎಂದು ಆಮೇಲೆ ಕೇಳಿದರೆ, ‘ನೋಡೂದು ಬ್ಯಾರೆ, ಒಡಿಯೂದು ಬ್ಯಾರೆ’ ಎಂದರು. ಇಂಜಿನಿಯರ್ ದುಪಟ್ಟಾ ಸೊಂಟಕ್ಕೆ ಬಿಗಿದು ಹತ್ತಿದರು. ಮೆಂಬರರ ಮನೆಯ ಕಡೆಗೆ ಚಾಚಿದ ದಪ್ಪ ಟೊಂಗೆಯನ್ನು ಕೆರೆದು, ಅಲ್ಲೇ ಬಗ್ಗಿ ನೋಡಿದರು. ಇನ್ನಷ್ಟು ಮೇಲೆ ಕೆರೆದರು.

‘ಹಸಿರಿದೆ’ ಎಂದರು.

ಚಿಗವ್ವ ನನ್ನ ಮೊಣಕೈ ಹಿಡಿದಿದ್ದಳು. ಉಗುರು ಒತ್ತಿ ಕೈ ಕೆಂಪಾಗುವಷ್ಟು ಬಿಗಿಯಾಗಿ.

ತೊಡಕು ಬಂದದ್ದು ಆಮೇಲೆ. ಮೆಂಬರ್ ಸುದ್ದಿ ಕೇಳಿ ಓಡಿ ಬಂದರು. ಅವರ ಮುಖ ಇಳಿದಿತ್ತು.

‘ಮೇಡಂರ, ಪುರಸಭೆ ಕಟ್ಟಿಸಿದ್ದನ್ನ ಪುರಸಭೆ ಒಡೀತು ಅಂತ ಹ್ಯಾಂಗ ಬರೀತೀರಿ? ಟೈಲ್ಸ್ ಇನ್ನೂ ಹೊಳೀತಾವ. ಮೀಟಿಂಗಿನ್ಯಾಗ ನನ್ನ ಹರದ ತಿಂತಾರ.’

‘ಮಂದಿ ಏನರ ಅನ್ಲಿ. ಗಿಡಾ ಉಳದ್ರ ಸಾಕಿಲ್ಲೋ?’ ಎಂದಳು ಚಿಗವ್ವ.

‘ನಿಮಗ ಸಾಕು. ಮುಂದಿನ ಸಲ ವಾರ್ಡ್ ಮೀಸಲಾತಿ ಬದಲಾದ್ರ ನಾ ನಿಲ್ಲಾಕ ಬರಾಂಗಿಲ್ಲ ಚಿಗವ್ವ. ಇಡೀ ಊರಾಗ ನನ್ನ ಹೆಸರಿನ ಕಲ್ಲ ಇದೊಂದ ಐತಿ.’

‘ಗಟಾರ ಮಾಡಿಸೀಯಲ್ಲ, ಅದಕ್ಕ ಬರಸಿಕೊ.’

‘ಗಟಾರಕ್ಕ ಯಾರ್ ಹೆಸರ ಬರಸ್ತಾರ?’

‘ಹೌದ ಬಿಡು. ನಿನ್ನ ಗಟಾರದಾಗ ನೀರು ಹಿಂದಕ್ಕ ಹರಿತೈತಿ, ಹೆಸರೂ ಹಿಂದಕ್ಕ ಹೋದೀತು.’

ಜನ ನಕ್ಕರು. ಮೆಂಬರರೂ ನಕ್ಕರು, ಆದರೆ ಕರಿಕಲ್ಲಿನ ಕಡೆ ನೋಡುತ್ತಲೇ. ಅವರ ಸಂಕಟವನ್ನು ನಾನು ಹಗುರವಾಗಿ ಬರೆಯಲಾರೆ. ಡೈರಿ ಬರೆಯುವವಳಿಗೆ, ತನ್ನ ಹೆಸರು ಎಲ್ಲಾದರೂ ಒಂದು ಕಡೆ ಉಳಿಯಲಿ ಎಂಬ ಆಸೆ ಹೊಸದೇನಲ್ಲ.

ದಾರಿ ತೋರಿಸಿದವರು ಇಂಜಿನಿಯರ್. ಒಡೆಯಲು ಹೊಸ ಕಾಮಗಾರಿ ಬೇಡ, ಓಣಿಯವರೇ ಶ್ರಮದಾನ ಮಾಡಲಿ. ಮರದ ಬುಡ ಬಿಡಿಸುವುದು ಮರದ ಪಾಲನೆಯೇ ಆದ್ದರಿಂದ ಮುಖ್ಯಾಧಿಕಾರಿಗಳ ಒಪ್ಪಿಗೆ ತಾವು ತರುವುದಾಗಿ ಹೇಳಿದರು. ಕಲ್ಲನ್ನು ಮುಕ್ಕಾಗದಂತೆ ಬಿಡಿಸಿ ಮೆಂಬರರಿಗೆ ಒಪ್ಪಿಸಬೇಕು. ಆದರೆ ಕೊನೆಯ ಮಾತು ಗಟ್ಟಿಯಾಗಿ ಹೇಳಿದರು. ‘ಯುಗಾದಿವರೆಗೆ ಕಾಯ್ತೀನಿ. ಆಗಲೂ ಚಿಗುರದಿದ್ದರೆ ನಾನೇ ನಿಂತು ಕಡಿಸ್ತೀನಿ. ಕೆಳಗೆ ಮಕ್ಕಳು ಓಡಾಡ್ತಾರೆ, ಅಜ್ಜಿ.’

‘ಆತವ್ವಾ. ಅವತ್ತ ನಾನ ಕೊಡ್ಲಿ ತಂದುಕೊಡ್ತೀನಿ’ ಎಂದಳು ಚಿಗವ್ವ.

ಒಪ್ಪಿಗೆ ಬಂದ ಮೇಲಿನ ಭಾನುವಾರ ಬೆಳಗಾಗುತ್ತಲೇ ಓಣಿಯಲ್ಲಿ ಮದುವೆ ಮನೆಯ ಗದ್ದಲ. ಒಬ್ಬರ ಕೈಯಲ್ಲಿ ಹಾರೆ, ಒಬ್ಬರ ಕೈಯಲ್ಲಿ ಸುತ್ತಿಗೆ, ಯಾರೋ ಒಬ್ಬರ ಕೈಯಲ್ಲಿ ಒನಕೆ. ಜೆಸಿಬಿ ತಂದರೆ ಬೇರು ಹರಿಯುತ್ತದೆಂದು ಇಂಜಿನಿಯರ್ ಮೊದಲೇ ಎಚ್ಚರಿಸಿದ್ದರು. ಕೈಯಿಂದಲೇ ಎಲ್ಲ. ಕಲ್ಲುಮಣ್ಣು ಒಯ್ಯಲು ಪುರಸಭೆಯ ಟ್ರ್ಯಾಕ್ಟರು ಬಂದು ನಿಂತಿತು. ಮೆಂಬರ್ ಒಂದು ಹಳೆಯ ಗೋಣಿ ಚೀಲ ಹಿಡಿದು ನಿಂತರು, ಕಲ್ಲು ಸುತ್ತಿಕೊಂಡು ಹೋಗಲು. ಅದನ್ನು ಬಿಡಿಸುವಾಗ ‘ಸಾವಕಾಶ, ಸಾವಕಾಶ’ ಎಂದು ಅವರು ಹೇಳುತ್ತಿದ್ದುದು ಹೆರಿಗೆಯ ಕೋಣೆಯ ಹೊರಗೆ ಕಾಯುವವರ ದನಿಯಲ್ಲಿತ್ತು.

ಮೊದಲ ಏಟು ಯಾರು ಹಾಕಬೇಕು? ಎಲ್ಲರೂ ಹಿಂದೆ ಮುಂದೆ ನೋಡಿದರು. ಹೊಳೆಯುವ ಬಿಳಿ ಟೈಲ್ಸ್. ಅದರ ಮೇಲೆ ಕೂತವರಿಗೆಲ್ಲ ಅದರ ತಂಪು ಗೊತ್ತು. ಚಿಗವ್ವ ಸೆರಗು ಬಿಗಿದು ಹಾರೆ ತೆಗೆದುಕೊಂಡಳು. ‘ಕಟ್ಟಸ್ರಿ ಅಂದಾಕಿ ನಾನ’ ಎಂದು ಎರಡೂ ಕೈಯಿಂದ ಎತ್ತಿ ಹಾಕಿದಳು. ಹಾರೆ ಜಾರಿತು, ಟೈಲ್ಸಿಗೆ ಒಂದು ಗೀರು ಮಾತ್ರ ಬಿತ್ತು. ಚಾಚಾ ಮುಂದೆ ಬಂದು, ‘ಕೌದಿ ಹೊಲಿಯೋ ಕೈಗೆ ಇದು ನೀಗಾಂಗಿಲ್ಲ, ಕೊಡಿಲ್ಲೆ’ ಎಂದು ಹಾರೆ ಕಿತ್ತುಕೊಂಡರು. ಅವರ ಎರಡನೆಯ ಏಟಿಗೆ ಹಾಸು ಬಿರಿಯಿತು.

ಆಮೇಲೆ ಯಾರು ಏನು ಮಾಡಿದರೆಂದು ಕ್ರಮವಾಗಿ ಬರೆಯುವುದು ನನ್ನಿಂದಾಗದು. ಸಿಮೆಂಟಿನ ಧೂಳು, ಬುಟ್ಟಿಗಳು ಕೈಯಿಂದ ಕೈಗೆ, ‘ಕಾಲ ತಗೀರಿ’ ಎಂಬ ಕೂಗು, ಎಲ್ಲಿಂದಲೋ ಬಂದ ಚಹಾ. ನಾನೂ ಬುಟ್ಟಿ ಹೊತ್ತೆ. ಕಾಂಕ್ರೀಟಿನ ತುಂಡುಗಳು ಎದ್ದು ಹೋದ ಮೇಲೆ ಕರಿ ಮಣ್ಣು ಕಂಡಿತು. ಚಳಿಗಾಲದ ಕೊನೆ, ಊರಿನ ನೆಲವೆಲ್ಲ ಒಣಗಿ ಬಿರುಕು ಬಿಟ್ಟಿದ್ದ ಹೊತ್ತು. ಈ ಮಣ್ಣು ಮಾತ್ರ ನಾದಿದ ಹಿಟ್ಟಿನಂತೆ ಹಸಿಯಾಗಿತ್ತು. ಹುಳಿ ವಾಸನೆ ಹೊಡೆಯಿತು. ಇಂಜಿನಿಯರ್ ಮೊಣಕಾಲೂರಿ ಕೈಯಿಂದಲೇ ಕಾಂಡದ ಸುತ್ತ ಬಿಡಿಸುತ್ತ ಹೋದರು. ಮಣ್ಣಿನೊಳಗೆ ಹೂತಿದ್ದ ತೊಗಟೆ ಕಪ್ಪಾಗಿ, ಒಂದು ಕಡೆ ಬೆರಳಿಗೇ ಕಳಚಿ ಬಂತು. ಇನ್ನೊಂದು ಕಡೆ, ಬದುಕಿದ ಟೊಂಗೆಯ ಕೆಳಗೆ, ಕಾಂಡದಿಂದಲೇ ಬಿಳಿ ಎಳೆ ಬೇರುಗಳು ಹೊರಟು ಮೇಲ್ಮುಖವಾಗಿ, ಗಾಳಿ ಎಲ್ಲಿದೆ ಎಂದು ಹುಡುಕುತ್ತ, ಕಾಂಕ್ರೀಟಿನ ಹೊಟ್ಟೆಗೆ ಬಂದು ಮಡಚಿಕೊಂಡಿದ್ದವು.

ಎಲ್ಲರೂ ಬಗ್ಗಿ ನೋಡಿದರು. ಚಿಗವ್ವ ಆ ಬೇರಿನ ತುದಿಗಳ ಮೇಲೆ ಬೆರಳಾಡಿಸಿದಳು.

‘ಉಸರ ಕಟ್ಟಿತ್ತಲ್ಲವ್ವ ಇದಕ್ಕ. ನಾವು ಮ್ಯಾಲ ಕುಂತು ನಕ್ಕೋತ ಹೊಲೀತಿದ್ವಿ.’

ಚಾಚಾ ಬುಟ್ಟಿಗೆ ಮಣ್ಣು ತುಂಬುತ್ತ, ‘ಏಳ್ ಚಿಗವ್ವ, ಆ ಕಡೆ ಇನ್ನೂ ಭಾಳ ಐತಿ’ ಎಂದಷ್ಟೇ ಹೇಳಿದರು. ಅವಳು ಎದ್ದಳು. ಸಂಜೆಯ ಹೊತ್ತಿಗೆ ಮರದ ಬುಡ ಹಳೆಯ ನೆಲದ ಮಟ್ಟಕ್ಕೆ ಬಂದಿತ್ತು. ಅಷ್ಟು ಒಳ್ಳೆಯ ಎರಿ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಲು ಯಾರಿಗೂ ಮನಸ್ಸಾಗಲಿಲ್ಲ. ತುಳಸಿ, ದಾಸವಾಳ, ಕರಿಬೇವಿನ ಕುಂಡಗಳಿಗೆಂದು ಮನೆಮನೆಯವರು ಹೊತ್ತೊಯ್ದರು. ಮುಶಿಗೇರಿಯ ಹೊಲ ಓಣಿಯ ಎಲ್ಲ ಅಂಗಳಗಳಿಗೂ ಹಂಚಿಹೋಯಿತು.

ಇನ್ನು ಕಾಯುವುದು. ಒಣಗಿದ ಮಗ್ಗುಲಿನ ಕೆಳಗೆ ಯಾರೂ ಹೋಗದಂತೆ ಇಂಜಿನಿಯರ್ ಹಗ್ಗ ಕಟ್ಟಿಸಿದ್ದರು. ಮಾಘದಲ್ಲಿ ಊರಿನ ಬೇವುಗಳೆಲ್ಲ ಎಲೆ ಉದುರಿಸಿದವು, ನಮ್ಮದೂ ಇದ್ದದ್ದನ್ನು ಉದುರಿಸಿತು. ಈಗ ಬದುಕಿದ್ದಕ್ಕೂ ಸತ್ತದ್ದಕ್ಕೂ ವ್ಯತ್ಯಾಸವೇ ಇಲ್ಲ. ಶಿವರಾತ್ರಿ ಕಳೆದ ಮೇಲೆ ಬಸ್ ನಿಲ್ದಾಣದ ಬೇವುಗಳು ತಾಮ್ರದ ಬಣ್ಣದ ಚಿಗುರು ಬಿಟ್ಟವು. ಆಸ್ಪತ್ರೆಯ ಬೇವು, ಶಾಲೆಯ ಬೇವು, ಎಲ್ಲ ಹೊಸ ಬಟ್ಟೆ ಹಾಕಿಕೊಂಡು ನಿಂತವು. ನಮ್ಮದು ಬರಿ ಕಡ್ಡಿ. ನಾನು ಕಾಲೇಜಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕತ್ತೆತ್ತಿ ನೋಡುತ್ತಿದ್ದೆ. ಚಿಗುರು ಕಂಡಂತೆ ಆಗುತ್ತಿತ್ತು, ಹತ್ತಿರ ಹೋದರೆ ಬಿಸಿಲಿನ ಮಿಂಚು. ಬೇಕೆನಿಸಿದ್ದನ್ನು ಕಾಣುವ ಈ ಕಣ್ಣಿನ ಚಾಳಿ ನನಗೆ ಗೊತ್ತಿದ್ದರಿಂದ ಯಾರಿಗೂ ಹೇಳುತ್ತಿರಲಿಲ್ಲ. ಚಿಗವ್ವ ನೋಡುತ್ತಲೇ ಇರಲಿಲ್ಲ. ದಿನವೂ ಬುಡಕ್ಕೆ ಒಂದಿಷ್ಟು ನೀರು ಹಾಕಿ, ತಲೆ ಎತ್ತದೆ ಒಳಗೆ ಹೋಗುತ್ತಿದ್ದಳು.

ಯುಗಾದಿಯ ಬೆಳಗ್ಗೆ ಬೇವು ಬೆಲ್ಲಕ್ಕೆ ನಮ್ಮ ಓಣಿಗೆಲ್ಲ ಈ ಮರದ್ದೇ ಹೂವು, ಚಿಗುರು. ಆ ಸಲ ಮೊಮ್ಮಕ್ಕಳನ್ನು ಕಟ್ಟಿಕೊಂಡು ಚಾಚಾ ಬೇರೆ ಓಣಿಗೆ ಹೋಗಿ ಎಲ್ಲರ ಮನೆಗೂ ಆಗುವಷ್ಟು ತಂದರು. ಹಂಚುತ್ತ ಬಂದವರು ಮರದ ಕೆಳಗೆ ನಿಂತು ಮೇಲೆ ನೋಡಿದರು. ನೋಡುತ್ತಲೇ ಇದ್ದರು.

‘ಅಕ್ಕೋರ, ನಿಮ್ಮ ಚಸ್ಮಾ ಹಾಕ್ಕೊಂಡು ಬರ್ರಿ. ನನ್ನ ಕಣ್ಣ ನಾ ನಂಬಾಂಗಿಲ್ಲ.’

ಹಾಕಿಕೊಂಡು ಬಂದೆ. ನನ್ನ ಕಣ್ಣನ್ನು ನಾನೂ ನಂಬಲಿಲ್ಲ. ಮೆಂಬರರನ್ನು ಕರೆದೆವು. ಅವರು ಎಣ್ಣೆ ನೀರು ಹಾಕಿಕೊಳ್ಳಲು ಹೊರಟವರು ಟವೆಲ್ಲಿನಲ್ಲೇ ಬಂದು, ತಮ್ಮ ಮನೆಯ ಮಾಳಿಗೆ ಹತ್ತಿ, ಆ ದಪ್ಪ ಟೊಂಗೆಯ ತುದಿಯನ್ನು ಕೈಗೆ ಎಳೆದುಕೊಂಡರು.

‘ಐತ್ರಿ!’ ಎಂದು ಮೇಲಿಂದ ಕೂಗಿದರು. ‘ಕೆಂಪಗ, ಇಲಿ ಕಿವಿ ಇದ್ದಂಗ!’

ಚಿಗವ್ವ ಹೊರಗೆ ಬಂದಳು. ಕೈಯಲ್ಲಿ ಹೋಳಿಗೆಯ ಕಣಕ ಇನ್ನೂ ಅಂಟಿತ್ತು. ‘ಎಳೀಬ್ಯಾಡೋ, ಮುರದೀತು, ಬಿಡು’ ಎಂದು ಬೈದಳು. ಬೈಯುತ್ತಲೇ ಅಳುತ್ತಿದ್ದಳು. ಚಾಚಾ ಇದನ್ನು ಒಪ್ಪುತ್ತಾರೆ, ಚಿಗವ್ವ ಒಪ್ಪುವುದಿಲ್ಲ.

ಯುಗಾದಿ ಕಳೆದು ಇಂಜಿನಿಯರ್ ಬಂದರು. ಚಿಗುರಿದ ಕಡೆಯನ್ನು ಉಳಿಸಿ, ಸತ್ತ ಮಗ್ಗುಲನ್ನು ಪುರಸಭೆಯವರಿಂದ ಕಡಿಸಿದರು. ನೋಟಿಸನ್ನು ತಾವೇ ಹರಿದರು. ಹೊಸ ಸಸಿಗಳಿಗೆ ಈಗ ಅವರು ಬುಡದ ಸುತ್ತ ಬರಿ ನೆಲ ಬಿಡಿಸುತ್ತಿದ್ದಾರೆ. ಸಸ್ಯಶಾಸ್ತ್ರದವರು ಮಾತ್ರ, ಕಟ್ಟೆ ಒಡೆಯದಿದ್ದರೂ ಅದು ಚಿಗುರುತ್ತಿತ್ತೋ ಏನೋ, ಹೇಳಲಾಗದು ಎನ್ನುತ್ತಾರೆ. ಸರಿ. ಹೇಳಲಾಗದು. ಆದರೆ ಆ ಬಿಳಿ ಬೇರುಗಳನ್ನು ಅವರು ಬಂದು ನೋಡಿರಲಿಲ್ಲ.

ಅರ್ಧ ಮರಕ್ಕೆ ಅರ್ಧ ನೆರಳು. ಅದು ಹಳೆಯ ಜಾಗದಲ್ಲಿ ಬೀಳುವುದಿಲ್ಲ, ಮಧ್ಯಾಹ್ನದ ಮೇಲೆ ಸರಿಯಾಗಿ ಮೆಂಬರರ ಬಾಗಿಲಿಗೆ ಬೀಳುತ್ತದೆ. ಚಿಗವ್ವ ಅಟ್ಟದಿಂದ ಕೌದಿ ಇಳಿಸಿ, ಹೆಂಗಸರನ್ನೆಲ್ಲ ಕರೆದು, ಅವರ ಮೆಟ್ಟಿಲ ಬುಡದಲ್ಲಿ ಬರಿ ನೆಲಕ್ಕೆ ಚಾಪೆ ಹಾಸಿ ಹರಡಿದಳು. ಪುರಸಭೆಯ ಸಭೆಗೆ ಹೊರಟ ಮೆಂಬರ್ ಬಿಳಿ ಅಂಗಿ ತೊಟ್ಟು ಬಾಗಿಲಿಗೆ ಬಂದು ನಿಂತರು. ಮುಂದೆ ಕಾಲಿಡಲು ಜಾಗವಿಲ್ಲ.

‘ಚಿಗವ್ವ, ನಾ ಹೊರಗ ಹೋಗೂದು ಹ್ಯಾಂಗ?’

‘ಚಪ್ಪಲಿ ಕೈಯಾಗ ಹಿಡಕೊಂಡು ಅಂಚಿಗುಂಟ ಬಾ’ ಎಂದಳು ಅವಳು, ಸೂಜಿಯಿಂದ ಕಣ್ಣು ತೆಗೆಯದೆ. ‘ಹೊಲಿಗಿ ತುಳೀಬ್ಯಾಡ.’